ಪ್ರಣತಿಯ ಪೋಷಕರ ಗಮನಕ್ಕೆ

ನನ್ನ ಫೋನಿನಲ್ಲಿ ಶಾಲೆಯ ಸಂದೇಶಗಳಿಗೆಂದೇ ಬೇರೆ ಸದ್ದು ಇಟ್ಟುಕೊಂಡಿದ್ದೇನೆ. ಸ್ಟೀಲಿನ ಲೋಟಕ್ಕೆ ಚಮಚ ತಾಗಿದ ಹಾಗೆ ಟಿಣ್ ಅನ್ನುತ್ತದೆ. ಅದು ಕೇಳಿಸಿತೆಂದರೆ ಮೈಕ್ರೋಸ್ಕೋಪಿನ ಮೇಲೆ ಬಗ್ಗಿದ್ದವಳು ತಲೆಯೆತ್ತಿ ಕನ್ನಡಕ ಹುಡುಕುತ್ತೇನೆ. ಕನ್ನಡಕ ಯಾವಾಗಲೂ ತಲೆಯ ಮೇಲೇ ಇರುತ್ತದೆ, ಅದು ಬೇರೆ ಮಾತು. ನಾಳೆ ಬಣ್ಣದ ಪೆನ್ಸಿಲ್ ತರಬೇಕು, ಶನಿವಾರ ಪೋಷಕರ ಸಭೆ, ಮಕ್ಕಳ ಉಗುರು ಕತ್ತರಿಸಿ ಕಳುಹಿಸಿ, ಹೀಗೆ ಏನಾದರೊಂದು ಇರುತ್ತದೆ. ಓದಿ, ಫೋನು ಕೆಳಗಿಟ್ಟು ಮತ್ತೆ ಕೆಲಸಕ್ಕೆ ಕೂರುತ್ತೇನೆ.

ಇದರಲ್ಲೇನು ವಿಶೇಷ ಅನ್ನುತ್ತೀರಿ. ವಿಶೇಷ ಇಷ್ಟೇ, ನನಗೆ ಮಕ್ಕಳಿಲ್ಲ. ಮದುವೆಯೂ ಆಗಲಿಲ್ಲ. ಹೆಬ್ಬಾಳದ ಕಡೆ ದನಕರುಗಳ ರಕ್ತ, ಸಗಣಿ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡಿಕೊಂಡು, ಯಲಹಂಕದ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವ, ಐವತ್ತು ದಾಟಿದ ಹೆಂಗಸು ನಾನು. ಎಳೆಯ ಜೀವಗಳ ಬಗ್ಗೆ ನನಗಿರುವ ತಿಳಿವಳಿಕೆಯೆಲ್ಲ ಕರುಗಳಿಂದ ಬಂದದ್ದು. ಜಂತುಹುಳು ಇದೆಯೋ ಇಲ್ಲವೋ ಹೇಳಬಲ್ಲೆ, ಅದಕ್ಕಿಂತ ಮುಂದಕ್ಕೆ ಹೋಗಲಾರೆ.

ಕಥೆ ಶುರುವಾದದ್ದು ನನ್ನ ಹಳೆಯ ಫೋನು ಒಂದು ಎಮ್ಮೆಯ ಕಾಲಡಿ ಸಿಕ್ಕಿದ ದಿನ. ಫೋನಿನ ಜೊತೆ ಸಿಮ್ ಕೂಡ ಪುಡಿಯಾಯಿತು. ಆ ನಂಬರು ನನ್ನ ತಮ್ಮನ ಹೆಸರಿನಲ್ಲಿತ್ತು. ಅವನು ಬಂದು ಸಹಿ ಹಾಕುವಷ್ಟರಲ್ಲಿ ಇನ್ನೊಂದು ಸಂಕ್ರಾಂತಿ ಬಂದಿರುತ್ತಿತ್ತು. ಹಾಗಾಗಿ ಯಲಹಂಕದ ಮೊಬೈಲ್ ಅಂಗಡಿಗೆ ಹೋಗಿ, ಹೊಸ ನಂಬರನ್ನೇ ಕೊಡಪ್ಪ ಎಂದೆ. ಅಂಗಡಿಯವನು ಒಂದು ನಂಬರು ತೋರಿಸಿ, “ಇದ್ ತಗೊಳಿ ಮೇಡಂ, ಒಳ್ಳೆ ನಂಬರು. ಚಿಕ್ ಮಕ್ಳೂ ಬಾಯಿಪಾಠ ಮಾಡ್ಬೋದು, ಅಷ್ಟು ಈಸಿ” ಎಂದ. ನನಗೆ ಬಾಯಿಪಾಠ ಮಾಡಿಸಲು ಯಾವ ಮಕ್ಕಳೂ ಇರಲಿಲ್ಲ. ಆದರೂ ತೆಗೆದುಕೊಂಡೆ.

ಮಾರನೆಯ ವಾರ ಮೊದಲ ಸಂದೇಶ ಬಂತು. ‘ಪ್ರಿಯ ಪೋಷಕರೇ, ನಾಳೆ ಒಂದನೇ ತರಗತಿಗೆ ಹಳದಿ ದಿನ. ನಿಮ್ಮ ಮಗಳು ಪ್ರಣತಿಯನ್ನು ಹಳದಿ ಬಟ್ಟೆಯಲ್ಲಿ ಕಳುಹಿಸಿ.’ ಇದು ರಾಂಗ್ ನಂಬರ್ ಎಂದು ಉತ್ತರ ಬರೆದೆ. ಮರುಕ್ಷಣವೇ ‘ನಿಮ್ಮ ಅಮೂಲ್ಯ ಪ್ರತಿಕ್ರಿಯೆಗೆ ಧನ್ಯವಾದಗಳು’ ಎಂದು ಬಂತು. ಮತ್ತೆ ಬರೆದೆ, ಮತ್ತೆ ಧನ್ಯವಾದ ಬಂತು. ಕಡೆಗೆ ಸಂದೇಶದ ಕೆಳಗೆ ಯಲಹಂಕದ ವಿಳಾಸದ ಜೊತೆಗಿದ್ದ ಶಾಲೆಯ ನಂಬರಿಗೆ ಫೋನು ಮಾಡಿದೆ. ಆಫೀಸಿನ ಹೆಂಗಸು ಬಹಳ ಸೌಜನ್ಯದಿಂದ ಮಾತಾಡಿದರು.

“ಹೌದಾ ಮೇಡಂ? ಅದು ಸಿಸ್ಟಮ್ಮು, ತಾನಾಗೇ ಕಳ್ಸುತ್ತೆ. ನಮ್ ಕೈಲಿಲ್ಲ. ಕಂಪನಿಯೋರಿಗೆ ಹೇಳ್ತೀವಿ, ಯೋಚ್ನೆ ಮಾಡ್ಬೇಡಿ.”

ನಾನು ಯೋಚನೆ ಮಾಡಲಿಲ್ಲ. ಸಂದೇಶಗಳೂ ನಿಲ್ಲಲಿಲ್ಲ.

ನಮ್ಮ ಕಾಲದಲ್ಲಿ ಶಾಲೆಯ ಸುದ್ದಿ ಮನೆಗೆ ಬರುತ್ತಿದ್ದ ರೀತಿಯೇ ಬೇರೆ. ಹುಣಸಮಾರನಹಳ್ಳಿಯಿಂದ ಸ್ವಲ್ಪ ಒಳಗೆ ನಮ್ಮೂರು. ಈಗ ಏರ್‌ಪೋರ್ಟಿಗೆ ಹೋಗುವ ಕಾರುಗಳು ಕಣ್ಣು ಮಿಟುಕಿಸದೆ ಓಡುವ ಆ ದಾರಿಯಲ್ಲಿ ಆಗ ಒಂದು ಬಸ್ಸು ಹೋದರೆ ಇನ್ನೊಂದು ಬರುವ ತನಕ ನಾಯಿಗಳು ನಡುರಸ್ತೆಯಲ್ಲೇ ಮಲಗಿರುತ್ತಿದ್ದವು. ಮೇಷ್ಟ್ರು ಏನು ತಿಳಿಸಬೇಕಿದ್ದರೂ ಮಕ್ಕಳ ಬಾಯಲ್ಲೇ ಹೇಳಿ ಕಳಿಸುತ್ತಿದ್ದರು. ಒಂದು ಸಲ ‘ನಾಳೆ ಡಾಕ್ಟರು ಸೂಜಿ ಚುಚ್ಚಲು ಬರ್ತಾರೆ’ ಎಂದು ಹೇಳಿ ಕಳಿಸಿದ್ದು ನಮ್ಮ ಬೀದಿಯ ಕೊನೆ ಮನೆ ಮುಟ್ಟುವಷ್ಟರಲ್ಲಿ ‘ಡಾಕ್ಟ್ರು ಸೂಜಿ ನುಂಗವ್ರಂತೆ’ ಎಂದಾಗಿತ್ತು. ಸಂಜೆ ಇಬ್ಬರು ಹೆಂಗಸರು ಬಾಳೆಹಣ್ಣು ಹಿಡಿದುಕೊಂಡು ಮೇಷ್ಟ್ರ ಮನೆಗೆ ವಿಚಾರಿಸಲು ಹೋಗಿದ್ದರು.

ಶಾಲೆಯ ಮುಂದಿನ ಹೊಂಗೆ ಮರಕ್ಕೆ ಒಂದು ರೈಲುಕಂಬಿಯ ತುಂಡು ಕಟ್ಟಿದ್ದರು. ಅದೇ ನಮ್ಮ ಗಂಟೆ. ಒಂದು ಮಧ್ಯಾಹ್ನ ನಾವೆಲ್ಲ ಒಳಗೆ ಕೂತು ಮಗ್ಗಿ ಹೇಳುತ್ತಿದ್ದೆವು. ಮೇಷ್ಟ್ರು ನಮ್ಮ ಕಣ್ಣೆದುರಿಗೇ ಇದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಕಂಬಿ ಢಣಢಣ ಬಡಿಯಿತು. ಹೊರಗೆ ಬಂದು ನೋಡಿದರೆ ಯಾರೂ ಇಲ್ಲ. ಸುತ್ತಿಗೆ ಕಿಟಕಿಯ ಮೇಲೆ ಇಟ್ಟಲ್ಲೇ ಇತ್ತು, ಕಂಬಿ ಮಾತ್ರ ತೂಗಾಡುತ್ತಿತ್ತು. ಅಷ್ಟರಲ್ಲಿ ರಾಗಿ ಹೊಲದಿಂದ, ದ್ರಾಕ್ಷಿ ತೋಟದಿಂದ ಅಮ್ಮಂದಿರು, ಅಜ್ಜಿಯರು ಕೆಸರುಗಾಲಲ್ಲೇ ಓಡಿ ಬಂದರು. ಬಂದವರು ತಮ್ಮ ತಮ್ಮ ಮಕ್ಕಳ ತಲೆ ಮುಟ್ಟಿ ನೋಡಿದರು. ಏನೂ ಆಗಿರಲಿಲ್ಲ. ನಮ್ಮಜ್ಜಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ, “ಯಾರ್ ಒಡುದ್ರೋ ಏನೋ ಕಣವ್ವ. ನಮ್ಗಂತೂ ಕೇಳುಸ್ತು, ಅದ್ಕೇ ಬಂದೊ” ಎಂದಳು. ಮೇಷ್ಟ್ರು ಮಾರನೆಯ ದಿನ ಕಂಬಿಯನ್ನು ಬಿಚ್ಚಿಸಿ ಬೇರೆ ಮರಕ್ಕೆ ಕಟ್ಟಿಸಿದರು. ಯಾಕೆ ಎಂದು ಯಾರೂ ಕೇಳಲಿಲ್ಲ.

ಇಂಥ ಊರಿನಲ್ಲಿ ಬೆಳೆದವಳಿಗೆ, ಶಾಲೆಯಿಂದ ಬಂದ ಸುದ್ದಿಯನ್ನು ಕೇಳಿಸಿಕೊಂಡು ಸುಮ್ಮನಿರುವುದು ಸುಲಭವಲ್ಲ. ಹಳದಿ ದಿನದ ಬೆಳಗ್ಗೆ ಬೀರು ತೆಗೆದಾಗ ಕೈ ತಾನಾಗಿ ಹಳದಿ ಸೀರೆಗೆ ಹೋಯಿತು. ಲ್ಯಾಬಿನಲ್ಲಿ ನನ್ನ ಸಹೋದ್ಯೋಗಿ ರಮೇಶ ನೋಡಿ, “ಏನ್ ಮೇಡಂ, ಯಾರ್ದಾದ್ರೂ ಮದ್ವೆನಾ?” ಎಂದ.

“ಇಲ್ಲ ಕಣೋ, ಇವತ್ತು ಹಳದಿ ದಿನ” ಎಂದೆ.

“ಅದ್ಯಾವ್ ಹಬ್ಬ? ನಮ್ ಕ್ಯಾಲೆಂಡರಲ್ಲಿ ಇಲ್ವಲ್ಲ?”

ಮೊಳಕೆ ಕಾಳು ತರಬೇಕೆಂದು ಸಂದೇಶ ಬಂದ ದಿನ ನಾನೂ ಹೆಸರುಕಾಳು ನೆನೆಹಾಕಿದೆ. ಉಗುರು ಕತ್ತರಿಸಿ ಎಂದಾಗ ಕತ್ತರಿಸಿಕೊಂಡೆ. ‘ನಿಮ್ಮ ಮಗಳು ಪ್ರಣತಿ ಇಂದು ಶಾಲೆಗೆ ಹಾಜರಾಗಿಲ್ಲ’ ಎಂದು ಬಂದ ದಿನ ಮಾತ್ರ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಜ್ವರವೋ, ಹೊಟ್ಟೆನೋವೋ ಎಂದು ಯೋಚಿಸುತ್ತಾ ಒಂದು ಹಸುವಿನ ರಕ್ತವನ್ನು ಇನ್ನೊಂದರ ಹೆಸರಿಗೆ ಬರೆದು ರಮೇಶನ ಕೈಗೆ ಸಿಕ್ಕಿಬಿದ್ದೆ. ಮುಖ ನೋಡದ ಮಗು, ದನಿ ಕೇಳದ ಮಗು. ಅದರ ಜ್ವರಕ್ಕೆ ನನಗೇಕೆ ಗಾಬರಿ ಎಂದು ನನಗೇ ನಗು ಬಂತು.

ದನಿಯೂ ಒಂದು ದಿನ ಕೇಳಿಸಿತು.

ಚಳಿ ಕಡಿಮೆಯಾಗುವ ಹೊತ್ತಿಗೆ ಮಧ್ಯಾಹ್ನದ ಊಟದ ವೇಳೆ ಶಾಲೆಯ ನಂಬರಿನಿಂದ ಫೋನು ಬರತೊಡಗಿತು. ಎತ್ತಿದರೆ ಯಾರೂ ಮಾತಾಡುತ್ತಿರಲಿಲ್ಲ. ದೂರದಲ್ಲಿ ಮಕ್ಕಳ ಗಲಾಟೆ, ಹತ್ತಿರದಲ್ಲಿ ಒಂದು ಸಣ್ಣ ಉಸಿರು. ನಾನು ಹಲೋ ಅಂದ ಕೂಡಲೇ ಕಟ್ ಆಗುತ್ತಿತ್ತು. ಆಮೇಲೆ ಒಂದು ದಿನ, ನಾನು ಹಲೋ ಅನ್ನುವ ಮೊದಲೇ, “ಅಮ್ಮಾ, ಇವತ್ತು ಚಪಾತಿ ಪೂರ್ತಿ ತಿಂದೆ” ಎಂದಿತು ಒಂದು ಹುಡುಗಿಯ ದನಿ.

“ಯಾರಮ್ಮ ನೀನು? ಪ್ರಣತಿನಾ?” ಎಂದೆ.

ಫೋನು ಕಟ್ ಆಯಿತು. ನಾನೇ ತಿರುಗಿ ಮಾಡಿದಾಗ ಆಫೀಸಿನ ಹೆಂಗಸು, “ಇಲ್ಲಿಂದ ಯಾರೂ ಮಾಡಿಲ್ವಲ್ಲ ಮೇಡಂ. ನಾನು ಈಗ ತಾನೆ ಊಟ ಮುಗಿಸ್ಕೊಂಡ್ ಬಂದೆ, ರೂಮಲ್ಲಿ ಯಾರೂ ಇರ್ಲಿಲ್ಲ” ಎಂದರು.

ಬೇಸಿಗೆ ರಜೆಯಲ್ಲಿ ಫೋನು ಬಾಯಿ ಮುಚ್ಚಿಕೊಂಡಿತು. ಮುಗಿಯಿತಲ್ಲ ಎಂದುಕೊಂಡೆ. ಶಾಲೆ ಶುರುವಾದ ದಿನ ಟಿಣ್ ಅಂದಿತು. ‘ನಿಮ್ಮ ಮಗಳು ಪ್ರಣತಿಗೆ ಎರಡನೇ ತರಗತಿಗೆ ಸ್ವಾಗತ.’ ಆ ವಾರವೇ ಮಧ್ಯಾಹ್ನದ ಫೋನೂ ಬಂತು. ಈ ಸಲ ನಿಧಾನವಾಗಿ, ಹೆದರಿಸದ ಹಾಗೆ ಮಾತಾಡಿಸಬೇಕೆಂದು, “ಪುಟ್ಟಾ, ನಾನು...” ಎಂದಷ್ಟೇ ಅಂದೆ.

“ಮಾತಾಡ್ಬೇಡಿ” ಎಂದಿತು ಆ ದನಿ. ಸಿಟ್ಟಿರಲಿಲ್ಲ. ತರಗತಿಯಲ್ಲಿ ಪಕ್ಕದವರು ಪಿಸುಗುಟ್ಟಿದರೆ ಹೇಳುತ್ತಾರಲ್ಲ, ಹಾಗೆ. “ನೀವ್ ಮಾತಾಡ್ಬೇಡಿ ಆಂಟಿ. ಅಮ್ಮ ಕೇಳಿಸ್ಕೊತಿದಾರೆ.”

ಮಟಮಟ ಮಧ್ಯಾಹ್ನ, ಲ್ಯಾಬಿನ ಟ್ಯೂಬ್‌ಲೈಟುಗಳೆಲ್ಲ ಉರಿಯುತ್ತಿದ್ದವು, ಹೊರಗೆ ಒಂದು ಹೋರಿ ಒದರುತ್ತಿತ್ತು. ಆದರೂ ನನ್ನ ಹೆಗಲ ಹಿಂದೆ ಯಾರೋ ನಿಂತು ಅದೇ ಫೋನಿಗೆ ಕಿವಿಗೊಟ್ಟ ಹಾಗೆ ಅನಿಸಿ ತಿರುಗಿ ನೋಡಿದೆ. ಗೋಡೆಯಲ್ಲಿ ಹಸುವಿನ ಹೊಟ್ಟೆಯ ಚಿತ್ರ ಬಿಟ್ಟರೆ ಬೇರೇನೂ ಇರಲಿಲ್ಲ. ಮಗು ತನ್ನ ಪಾಡಿಗೆ ಹೇಳುತ್ತಾ ಹೋಯಿತು. ಹೊಸ ಮಿಸ್ಸಿನ ಹೆಸರು ಶೈಲಾ ಅಂತೆ. ಪಕ್ಕದಲ್ಲಿ ಕೂರುವವಳು ರಬ್ಬರ್ ಕಚ್ಚುತ್ತಾಳಂತೆ. ಅಜ್ಜಿ ಹಾಕಿದ ಜಡೆ ಬಿಗಿಯಾಗುತ್ತದಂತೆ. ಎಲ್ಲ ಹೇಳಿ ಮುಗಿಸಿ, ಒಂದು ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು, “ಹೂಂ, ಸರಿ” ಎಂದು ಫೋನು ಇಟ್ಟಿತು. ಆ ಹೂಂ ನನಗೆ ಹೇಳಿದ್ದಲ್ಲ. ನಾನು ಏನನ್ನೂ ಹೇಳಿರಲಿಲ್ಲ.

ರಮೇಶನಿಗೆ ಹೇಳಿದೆ. ಅವನು ತನ್ನ ಕೈ ತೋರಿಸಿ, “ನೋಡಿ, ಕೂದ್ಲು ಎದ್ ನಿಂತಿದೆ. ಆ ಸಿಮ್ ತೆಗ್ದು ಕೆರೆಗೆ ಬಿಸಾಕಿ ಮೇಡಂ” ಎಂದ. ಹೆಬ್ಬಾಳದ ಕೆರೆ ಹತ್ತಿರದಲ್ಲೇ ಇತ್ತು. ಬಿಸಾಕುವ ಮನಸ್ಸು ಮಾತ್ರ ಬರಲಿಲ್ಲ. ಆಮೇಲೆ ಬಂದ ಫೋನುಗಳಲ್ಲಿ ನಾನು ಬಾಯಿ ತೆರೆಯಲೇ ಇಲ್ಲ. ಉಸಿರನ್ನು ಕೂಡ ಪಕ್ಕಕ್ಕೆ ಬಿಡುತ್ತಿದ್ದೆ. ಮಗು ಮಾತು ಮುಗಿಸಿ ಸುಮ್ಮನಾಗುವ ಆ ಸ್ವಲ್ಪ ಹೊತ್ತು ಮಾತ್ರ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಯಾರೋ ಮೆಲ್ಲಗೆ ಮಾತಾಡುತ್ತಿದ್ದಾರೆ, ನನಗೊಬ್ಬಳಿಗೆ ಕೇಳಿಸುತ್ತಿಲ್ಲ ಎನ್ನುವ ಹಾಗೆ ಇರುತ್ತಿತ್ತು ಅದು.

ಶಾಲೆಗೇ ಹೋಗಿ ವಿಚಾರಿಸಬೇಕು ಎಂದುಕೊಳ್ಳುತ್ತಾ ದಸರೆ ಕಳೆಯಿತು. ಅದಾದ ಮೇಲೆ ಆ ಮಳೆ ಬಂತು.

ಬೆಳಗಿನಿಂದ ಒಂದೇ ಸಮನೆ ಸುರಿಯುತ್ತಿತ್ತು. ಹೆಬ್ಬಾಳದ ಫ್ಲೈಓವರ್ ಕೆಳಗೆ ನೀರು ನಿಂತಿದೆ ಎಂದು ಅರ್ಧ ಸಿಬ್ಬಂದಿ ಕೆಲಸಕ್ಕೇ ಬಂದಿರಲಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಫೋನು ಟಿಣ್ ಅಂದಿತು. ‘ಪ್ರಿಯ ಪೋಷಕರೇ, ಶಾಲೆಯ ಕೆಳಮಹಡಿಗೆ ನೀರು ನುಗ್ಗಿದೆ. ನಿಮ್ಮ ಮಗಳು ಪ್ರಣತಿಯನ್ನು ಕೂಡಲೇ ಬಂದು ಕರೆದುಕೊಂಡು ಹೋಗಬೇಕಾಗಿ ವಿನಂತಿ.’

ಎಂದಿನಂತೆ ಓದಿ ಫೋನು ಕೆಳಗಿಟ್ಟೆ. ಇಟ್ಟ ಮೇಲೆ ಹೊಳೆಯಿತು. ಈ ಸಂದೇಶ ಬಂದಿರುವುದು ನನಗೆ. ಆ ಮಗುವಿನ ಮನೆಯವರಿಗಲ್ಲ. ಬೇರೆ ಮಕ್ಕಳ ಮನೆಗಳಲ್ಲೆಲ್ಲ ಈಗ ಕೊಡೆ ಹುಡುಕುತ್ತಿದ್ದಾರೆ. ಪ್ರಣತಿಯನ್ನು ಕರೆಯಲು ಬರಬೇಕೆಂದು ಗೊತ್ತಿರುವುದು ಇಡೀ ಬೆಂಗಳೂರಿನಲ್ಲಿ ನನಗೊಬ್ಬಳಿಗೇ. ಶಾಲೆಗೆ ಫೋನು ಮಾಡಿದೆ. ಬಿಜಿ. ಮತ್ತೆ ಮಾಡಿದೆ, ಮತ್ತೆ ಬಿಜಿ. ಕೈಗವಸು ಕಳಚಿ ಬಿಸಾಡಿ, ರಮೇಶನಿಗೆ “ನೋಡ್ಕೊಳೋ” ಎಂದು ಕೂಗಿ ಹೊರಗೆ ಬಂದು, ಕೈ ಅಡ್ಡ ಹಾಕಿ ಒಂದು ಆಟೋ ನಿಲ್ಲಿಸಿದೆ.

“ಯಲಹಂಕನಾ? ಈ ಮಳೇಲಾ? ಸರ್ವಿಸ್ ರೋಡ್ ಪೂರ್ತಿ ಕೆರೆ ಆಗೋಗಿದೆ ಮೇಡಂ, ಆಗಲ್ಲ” ಎಂದ ಆಟೋದವನು.

“ಸ್ಕೂಲಲ್ಲಿ ಮಗು ಒಂದೇ ಇದೆಯಪ್ಪ.”

“ಅಯ್ಯೋ, ಹಂಗನ್ಬಾರ್ದಾ ಮೊದ್ಲೇ? ಹತ್ತಿ ಹತ್ತಿ. ಮಗಳಾ?”

“ಹೂಂ” ಎಂದೆ. ಅಂದ ಮೇಲೆ ನನ್ನ ಮೈಯೇ ಬೆಚ್ಚಗಾಯಿತು. ದಾರಿಯುದ್ದಕ್ಕೂ ಅವನು ತನ್ನ ಇಬ್ಬರು ಹುಡುಗರ ತಂಟೆ ಹೇಳುತ್ತಾ, ನಿಂತ ಕಾರುಗಳ ನಡುವೆ ಸಂದು ಹುಡುಕುತ್ತಾ ಹೋದ. ನಾನು ಪ್ಲಾಸ್ಟಿಕ್ ಪರದೆ ಹಿಡಿದುಕೊಂಡು ಕೂತಿದ್ದೆ. ಹೋಗಿ ಏನು ಹೇಳಬೇಕು? ನಾನು ಯಾರು ಅನ್ನಬೇಕು? ಸಗಣಿ ಪರೀಕ್ಷೆ ಮಾಡುವವಳು, ಫೋನಿನಲ್ಲಿ ಮಾತಾಡದೆ ಇರುವವಳು ಅನ್ನಬೇಕೇ?

ಶಾಲೆ ಒಂದು ಬಡಾವಣೆಯ ತಗ್ಗಿನಲ್ಲಿತ್ತು. ನಾನು ತಲುಪುವಷ್ಟರಲ್ಲಿ ಬಹುಪಾಲು ಮಕ್ಕಳು ಹೋಗಿಯಾಗಿತ್ತು. ಗೇಟಿನಲ್ಲಿ ರೇನ್‌ಕೋಟ್ ಹಾಕಿಕೊಂಡ ಒಬ್ಬ ವಯಸ್ಸಾದ ವಾಚ್‌ಮನ್ ನಿಂತಿದ್ದ. ಪ್ರಣತಿ, ಎರಡನೇ ತರಗತಿ ಎಂದೆ.

“ಆ ಮಗಾನಾ? ಓದ್ಲಲ್ಲ ಮೇಡಂ. ಅವರಮ್ಮ ಬಂದು ಕರ್ಕೊಂಡೋದ್ರು” ಎಂದ.

ಗೇಟು ಹಿಡಿದು ನಿಂತೆ. ತಾಯಿ ಇದ್ದಾಳೆ, ಹೇಗೋ ತಿಳಿದುಕೊಂಡು ಬಂದಿದ್ದಾಳೆ. ಇಷ್ಟು ದಿನ ನಾನು ಏನೇನೋ ಕಲ್ಪಿಸಿಕೊಂಡು ಹೆದರಿದ್ದಕ್ಕೆ ನಾಚಿಕೆಯಾಯಿತು. ಆದರೂ ಬಂದದ್ದಕ್ಕೆ ನಂಬರಿನ ವಿಷಯವನ್ನಾದರೂ ಹೇಳಿ ಹೋಗೋಣವೆಂದು ಒಳಗೆ ಹೋದೆ. ವರಾಂಡದಲ್ಲಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು, ಒಬ್ಬ ಚಿಕ್ಕ ವಯಸ್ಸಿನ ಟೀಚರ್ ಉಳಿದ ಮಕ್ಕಳನ್ನು ಬೆಂಚಿನ ಮೇಲೆ ಹತ್ತಿಸುತ್ತಿದ್ದರು. ಅವರೇ ಶೈಲಾ ಮಿಸ್. ನನ್ನ ಫೋನು ತೋರಿಸಿ ನಡೆದದ್ದನ್ನೆಲ್ಲ ಚುಟುಕಾಗಿ ಹೇಳಿದೆ. “ಸದ್ಯ, ಮಗೂನ ಅವರಮ್ಮನೇ ಬಂದು ಕರ್ಕೊಂಡ್ ಹೋದ್ರಂತಲ್ಲ, ಒಳ್ಳೇದಾಯ್ತು” ಎಂದೆ.

ಶೈಲಾ ಮಿಸ್ ಕೈಯಲ್ಲಿದ್ದ ಮಗುವನ್ನು ಹಾಗೇ ಹಿಡಿದುಕೊಂಡು ನನ್ನನ್ನೇ ನೋಡಿದರು.

“ಯಾರಮ್ಮ?”

“ಪ್ರಣತಿ ಅಮ್ಮ. ವಾಚ್‌ಮನ್ ಹೇಳಿದ್ರು.”

“ಮೇಡಂ, ಆ ಮಗೂಗೆ ತಾಯಿ ಇಲ್ಲ. ಹೋದ ವರ್ಷ ಬೇಸಿಗೇಲಿ ತೀರ್ಕೊಂಡ್ರು. ದಿನಾ ಅಜ್ಜಿ ಬರ್ತಾರೆ, ಅವರು ಬರೋದು ಮೂರುವರೆಗೆ.”

ಇಬ್ಬರೂ ಗೇಟಿಗೆ ಓಡಿದೆವು. ವಾಚ್‌ಮನ್ ಈ ವರ್ಷವಷ್ಟೇ ಕೆಲಸಕ್ಕೆ ಸೇರಿದವನು, ಅವನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಕೇಳಿ ರೇನ್‌ಕೋಟಿನ ಟೋಪಿ ಹಿಂದಕ್ಕೆ ತಳ್ಳಿದ.

“ಗೇಟ್ ತಾವ ಒಂದೆಂಗ್ಸು ನಿಂತಿತ್ತು ಮಿಸ್ಸಮ್ಮ. ಕೊಡೆ ಇಡ್ಕೊಂಡಿತ್ತು. ಮಗ ‘ಅಮ್ಮ ಬಂದ್ರು’ ಅಂತ ಕುಣ್ಕೊಂಡ್ ಓದ್ಲು. ಆಯಮ್ಮ ಕೊಡೆ ಬಗ್ಗಿಸಿ ಒಳೀಕೆ ಕರ್ಕೊಂಡ್ಲು. ನಾನ್ ಮುಖ ನೋಡ್ಲಿಲ್ಲ. ಅಮ್ಮ ಅಂದ್ಮೇಲೆ ನಾನೇನ್ ಕೇಳ್ಲಿ?”

ಶೈಲಾ ಮಿಸ್ ಪ್ರಣತಿಯ ತಂದೆಗೆ ಫೋನು ಹಚ್ಚಿದರು. ಅವರು ಟಿ. ದಾಸರಹಳ್ಳಿಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವರಂತೆ. ಹೇಳುವಾಗ ಶೈಲಾ ಮಿಸ್‌ರ ದನಿ ಒಡೆಯಿತು. ಮುಂದೆ ಪೊಲೀಸರಿಗೆ ಹೇಳುವುದೇ ಸರಿ ಎಂದು ಅವರು ಅನ್ನುತ್ತಿದ್ದಾಗ ನನ್ನ ಕೈಯಲ್ಲಿದ್ದ ಫೋನು ರಿಂಗಾಯಿತು. ಗೊತ್ತಿಲ್ಲದ ಮೊಬೈಲ್ ನಂಬರು. ಎತ್ತಿದೆ. ಆ ಸಣ್ಣ ಉಸಿರು ಕೇಳಿಸಿತು. ಸ್ಪೀಕರಿಗೆ ಹಾಕಿ, ಮಾತಾಡಲು ಬಾಯಿ ತೆರೆದ ಶೈಲಾ ಮಿಸ್‌ರ ಬಾಯಿಯ ಮೇಲೆ ನನ್ನ ಒದ್ದೆ ಕೈ ಇಟ್ಟೆ.

“ಅಮ್ಮಾ” ಎಂದಿತು ಮಗು. “ಬೇಕರಿ ಹತ್ರಾನೇ ಇದೀನಿ. ನೀನ್ ಇಲ್ಲೇ ಇರು ಅಂದ್ಯಲ್ಲ. ಎಷ್ಟೊತ್ತಿರ್ಲಿ?”

ಮಳೆಯ ಸದ್ದು ಈ ಕಡೆಯೂ ಇತ್ತು, ಫೋನಿನ ಆ ಕಡೆಯೂ ಇತ್ತು. ಮಗು ಎಂದಿನಂತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೂಂ, ಸರಿ” ಎಂದು ಕಟ್ ಮಾಡಿತು.

ಯಾವ ಬೇಕರಿ ಎಂದು ಶೈಲಾ ಮಿಸ್‌ಗೆ ಗೊತ್ತಿತ್ತು. ಎರಡು ಬೀದಿ ಆಚೆ, ಏರು ರಸ್ತೆಯ ತಿರುವಿನಲ್ಲಿದೆ. ತಾಯಿ ಬದುಕಿದ್ದಾಗ ದಿನಾ ಸಂಜೆ ಮಗುವನ್ನು ಕರೆದುಕೊಂಡು ಅಲ್ಲಿ ನಿಂತು ಹೋಗುತ್ತಿದ್ದರಂತೆ. ಒಂದೇ ಕೊಡೆಯಲ್ಲಿ ಇಬ್ಬರೂ ಓಡಿದೆವು. ರಸ್ತೆಯಲ್ಲಿ ಹರಿಯುತ್ತಿದ್ದ ಕೆಂಪು ನೀರು ಮೊಣಕಾಲು ಮುಟ್ಟುತ್ತಿತ್ತು. ನನ್ನ ಒಂದು ಚಪ್ಪಲಿ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಬೇಕರಿ ತಲುಪಿದಾಗ ಇಬ್ಬರೂ ನೀರಿನಲ್ಲಿ ಅದ್ದಿ ತೆಗೆದ ಹಾಗಿದ್ದೆವು.

ಮಗು ಗಾಜಿನ ಕಪಾಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಆಡಿಸುತ್ತಾ ಕೂತು ಬನ್ನು ತಿನ್ನುತ್ತಿತ್ತು. ಎರಡು ಜಡೆ, ಮುಂದಿನ ಒಂದು ಹಲ್ಲಿಲ್ಲ. ಶೈಲಾ ಮಿಸ್ ಹೋಗಿ ತಬ್ಬಿಕೊಂಡು ಅತ್ತುಬಿಟ್ಟರು. ಬೇಕರಿಯವನು ಗಾಬರಿಯಿಂದ ಹೊರಗೆ ಬಂದ.

“ಯಾಕ್ ಮೇಡಂ, ಏನಾಯ್ತು? ಮಗು ಬಂದು ಕೂತ್ಕೊಂಡು ಬಾಳ ಹೊತ್ತಾಯ್ತು. ಅವರಮ್ಮ ಇಲ್ಲೇ ಪಕ್ಕದಲ್ಲಿ ಎಲ್ಲೋ ಹೋಗಿರ್ಬೇಕು ಅನ್ಕೊಂಡೆ. ಅಮ್ಮಂಗೆ ಫೋನ್ ಮಾಡ್ತೀನಿ ಅಂತು, ನಂದೇ ಕೊಟ್ಟೆ.”

ನಾನು ಮಗುವಿನ ತಲೆ ಮುಟ್ಟಿ ನೋಡಿದೆ. ಮುಟ್ಟಿದ ಕೈಯನ್ನು ಹಾಗೇ ಇಟ್ಟುಕೊಂಡು ನಿಂತೆ. ಕೂದಲು ಒಣಗಿತ್ತು. ಯೂನಿಫಾರ್ಮು ಒಣಗಿತ್ತು, ಇಸ್ತ್ರಿಯ ಗೆರೆ ಕೂಡ ಕೆಟ್ಟಿರಲಿಲ್ಲ. ಬಗ್ಗಿ ಕಾಲು ನೋಡಿದೆ. ಬಿಳೀ ಕಾಲುಚೀಲ ಬೆಳಗ್ಗೆ ಹಾಕಿಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು. ಬೂಟಿನ ಅಡಿಗೆ ಒಂದು ಹನಿ ಕೆಸರಿರಲಿಲ್ಲ. ನಾವು ಬಂದ ರಸ್ತೆ ಬಿಟ್ಟರೆ ಶಾಲೆಯಿಂದ ಅಲ್ಲಿಗೆ ಬೇರೆ ದಾರಿಯಿಲ್ಲ, ಮಳೆ ಬೆಳಗಿನಿಂದ ಒಂದು ನಿಮಿಷವೂ ಬಿಟ್ಟಿರಲಿಲ್ಲ.

“ಯಾರ್ ಜೊತೆ ಬಂದೆ ಪುಟ್ಟಾ?” ಎಂದು ಶೈಲಾ ಮಿಸ್ ಕೇಳಿದರು.

“ಅಮ್ಮನ ಜೊತೆ.”

“ಮುಖ ನೋಡಿದ್ಯಾ?”

ಮಗು ಸ್ವಲ್ಪ ಯೋಚಿಸಿತು. “ಇಲ್ಲ. ಕೊಡೆ ಕೆಳಗಿತ್ತು. ಎತ್ಕೊಂಡ್ರು.”

ನಾನು ದಿನವೂ ಗಾಜಿನ ತುಂಡಿನ ಮೇಲೆ ಕಂಡದ್ದನ್ನು ಮಾತ್ರ ಬರೆದು ಕೊಡುವವಳು. ಯಾರೋ ಒಬ್ಬ ತಾಯಿ, ತನ್ನ ಮಗುವನ್ನು ಕರೆಯಲು ಬಂದವಳು, ಮಳೆಯಲ್ಲಿ ಓಡಿ ಬಂದ ಇನ್ನೊಂದು ಮಗುವನ್ನು ಎತ್ತಿ ಏರಿನ ಮೇಲೆ ಬಿಟ್ಟು ಹೋಗಿರಬೇಕು. ಹಾಗೆಂದು ಶೈಲಾ ಮಿಸ್‌ಗೂ ಹೇಳಿದೆ. ಅವರು ಹೌದು ಎಂದು ತಲೆಯಾಡಿಸಿದರು. ಆಮೇಲೆ ಶಾಲೆಯವರು ಪ್ರತಿಯೊಂದು ಮನೆಗೂ ಫೋನು ಮಾಡಿ ಕೇಳಿದರು. ಅದು ನಾನೇ ಎಂದು ಯಾರೂ ಹೇಳಲಿಲ್ಲ.

ಮಗು ನನ್ನ ಕೈಯಲ್ಲಿದ್ದ ಫೋನನ್ನೂ ನನ್ನ ಮುಖವನ್ನೂ ನೋಡಿತು. “ಕೇಳಿಸ್ಕೊಳೋ ಆಂಟಿ ನೀವೇನಾ?”

“ಹೂಂ, ನಾನೇ.”

“ಇವತ್ತೂ ಮಾತಾಡ್ಲಿಲ್ಲ ಅಲ್ವಾ?”

“ಇಲ್ಲ ಕಂದಾ. ಮಾತಾಡ್ಲಿಲ್ಲ.”

ಮೆಚ್ಚುಗೆಯಿಂದ ತಲೆಯಾಡಿಸಿ ಉಳಿದ ಅರ್ಧ ಬನ್ನನ್ನು ನನಗೆ ಕೊಟ್ಟಿತು. ತೆಗೆದುಕೊಂಡು ತಿಂದೆ.

ತಂದೆ ಮಂಜುನಾಥ್ ಬೈಕಿನಲ್ಲಿ ಬಂದರು. ಹೆಲ್ಮೆಟ್ಟನ್ನೂ ತೆಗೆಯದೆ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ, ಕಾಲು, ಕೆನ್ನೆ ಎಲ್ಲ ಸವರಿದರು. ಒಣಗಿದ ಬೂಟಿನ ಮೇಲೆ ಅವರ ಕೈ ನಿಂತಿತು. ತಲೆಯೆತ್ತಿ ನಮ್ಮನ್ನು ನೋಡಿದರು. ನಂಬರಿನ ಕಥೆ ಕೇಳಿದ ಮೇಲೆ ಹೆಲ್ಮೆಟ್ ತೆಗೆದು ಹೇಳಿದರು.

“ಅವಳದ್ದೇ ನಂಬರು ಮೇಡಂ. ಮಗೂಗೆ ಹಾಡಿನ ಥರ ಹೇಳ್ಕೊಟ್ಟಿದ್ಲು, ಎಲ್ಲಾದ್ರೂ ತಪ್ಪಿಸ್ಕೊಂಡ್ರೆ ಹೇಳೋಕೆ ಅಂತ. ಅವಳು ಹೋದ್ಮೇಲೆ ಸ್ವಲ್ಪ ದಿನ ನಾನೇ ರೀಚಾರ್ಜ್ ಮಾಡಿಸ್ದೆ. ಮನೇಲಿ ಅದು ರಿಂಗ್ ಆದಾಗೆಲ್ಲ ಮಗು ಓಡಿ ಬರೋದು. ನೋಡಕ್ಕಾಗ್ಲಿಲ್ಲ, ಬಿಟ್ಬಿಟ್ಟೆ. ಇನ್ನೊಬ್ರಿಗೆ ಕೊಡ್ತಾರೆ ಅಂತ ಗೊತ್ತಿರ್ಲಿಲ್ಲ. ಸ್ಕೂಲಿನ ಮೆಸೇಜ್ ಲಿಸ್ಟಲ್ಲಿ ನಂದೂ ಇದೆ ಅನ್ಕೊಂಡಿದ್ದೆ.”

“ಇವತ್ತೇ ಬದಲಾಯಿಸ್ತೀವಿ ಸಾರ್. ನಾನೇ ಕೂತು ಮಾಡಿಸ್ತೀನಿ. ಇನ್ಮೇಲೆ ಎಲ್ಲ ವಿಷಯಾನೂ ನಿಮಗೇ ಬರುತ್ತೆ” ಎಂದರು ಶೈಲಾ ಮಿಸ್.

ಪ್ರಣತಿ ಕುರ್ಚಿಯಿಂದ ಇಳಿಯಿತು. “ಹಂಗಾದ್ರೆ ಅಮ್ಮಂಗೆ ಸ್ಕೂಲ್ ವಿಷಯ ಯಾರ್ ಹೇಳ್ತಾರೆ?”

ಶೈಲಾ ಮಿಸ್ ಮುಖ ತಿರುಗಿಸಿಕೊಂಡರು. ಬೇಕರಿಯವನು ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ. ಮಂಜುನಾಥ್ ನನ್ನನ್ನು ನೋಡಿ, ಕೇಳಲೋ ಬೇಡವೋ ಎನ್ನುವ ಹಾಗೆ, “ಎರಡೂ ನಂಬರ್ ಇರ್ಲಾ ಮೇಡಂ? ನಿಮಗೆ ತೊಂದ್ರೆ ಇಲ್ಲಾಂದ್ರೆ” ಎಂದರು.

ತೊಂದರೆ ಇಲ್ಲ ಎಂದೆ. ಅದು ಪೂರ್ತಿ ನಿಜವಲ್ಲ. ಆ ವಾರವೆಲ್ಲ ಮನೆಯಲ್ಲಿ ಫೋನನ್ನು ಅಡುಗೆಮನೆಯಲ್ಲಿಟ್ಟು ನಡುಮನೆಯಲ್ಲಿ ಮಲಗಿದೆ. ಕೊಡೆ ಹಿಡಿದು ಎದುರಿಗೆ ಬರುವ ಹೆಂಗಸರನ್ನು ಕಂಡರೆ ಬಗ್ಗಿ ಮುಖ ನೋಡುವ ಅಭ್ಯಾಸ ಬೇರೆ ಅಂಟಿಕೊಂಡಿತು. ಒಬ್ಬಾಕೆ “ಏನ್ರೀ ಅದು?” ಎಂದು ಗದರಿಸಿದ್ದೂ ಆಯಿತು.

ಈಗ ಪ್ರತಿ ಶುಕ್ರವಾರ ಊಟದ ನಂತರ ಶೈಲಾ ಮಿಸ್ ತಾವೇ ಮಗುವನ್ನು ಆಫೀಸಿಗೆ ಕರೆದುಕೊಂಡು ಬಂದು ಫೋನು ಹಚ್ಚಿಕೊಡುತ್ತಾರೆ, ಆಮೇಲೆ ಹೊರಗೆ ಹೋಗಿ ನಿಲ್ಲುತ್ತಾರೆ. ಪ್ರಣತಿ ವಾರದ ಸಮಾಚಾರವನ್ನೆಲ್ಲ ಹೇಳುತ್ತದೆ. ನಾನು ಲ್ಯಾಬಿನ ಹಿಂದಿನ ಬಾಗಿಲಲ್ಲಿ ನಿಂತು ಬಾಯಿಮುಚ್ಚಿಕೊಂಡು ಕೇಳುತ್ತೇನೆ. ರಮೇಶ ಆ ಹೊತ್ತಿನಲ್ಲಿ ನನ್ನ ಹತ್ತಿರ ಸುಳಿಯುವುದಿಲ್ಲ.

ಕಳೆದ ಶುಕ್ರವಾರ ಮಾತ್ರ, ಎಲ್ಲ ಹೇಳಿ ಮುಗಿಸಿದ ಮೇಲೆ ಎಂದಿನ ಹೂಂ ಬರಲಿಲ್ಲ. “ಆಂಟಿ” ಎಂದಿತು. “ಇವತ್ತು ನೀವು ಹೇಳಿ. ಅಮ್ಮ ಕೇಳ್ಬೇಕಂತೆ.”

ಇಷ್ಟು ದಿನ ಬಾಯಿ ತೆರೆಯಲು ಕಾದಿದ್ದವಳಿಗೆ ಹೇಳಲು ಏನೂ ಹೊಳೆಯಲಿಲ್ಲ. ಕಡೆಗೆ ಅಂದು ಬೆಳಗ್ಗೆ ಬಂದ ಕರುವಿನ ಕಥೆ ಶುರುಮಾಡಿದೆ. ರಕ್ತ ತೆಗೆಯಲು ಬಗ್ಗಿದಾಗ ಅದು ನನ್ನ ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ್ದು, ನಾನು ಎಳೆದರೆ ಅದೂ ಎಳೆದದ್ದು, ಬಿಡಿಸಲು ಬಂದ ರಮೇಶ ಜಾರಿ ಬಕೆಟ್ಟಿನಲ್ಲಿ ಕೂತದ್ದು. ಹೇಳುತ್ತಾ ಹೇಳುತ್ತಾ ಹೆದರಿಕೆ ಮರೆತೇ ಹೋಯಿತು. ಆ ಕಡೆಯಿಂದ ನಗು ಕೇಳಿಸಿತು. ಹುರುಪು ಬಂದು ರಮೇಶ ಬಕೆಟ್ಟಿನ ಸಮೇತ ಎದ್ದು ನಿಂತದ್ದನ್ನೂ ಸೇರಿಸಿದೆ. ಕಥೆ ಮುಗಿಯಿತು. ಪ್ರಣತಿ ಮಾತಾಡಲಿಲ್ಲ.

“ಯಾಕೋ ಕಂದಾ, ಚೆನ್ನಾಗಿರ್ಲಿಲ್ವಾ?” ಎಂದೆ.

“ಶ್, ಆಂಟಿ” ಎಂದಿತು ಮಗು ಪಿಸುದನಿಯಲ್ಲಿ. “ಅಮ್ಮ ನಕ್ರು. ನಿಮಗೂ ಕೇಳಿಸ್ತಲ್ವಾ?”

ನಗು ಕೇಳಿಸಿದ್ದು ನಿಜ. ಅದು ಪ್ರಣತಿಯದೇ ಎಂದುಕೊಂಡು ನಾನು ಕಥೆ ಹೇಳುತ್ತಾ ಹೋಗಿದ್ದೆ.